ಎರಡು ದಿಬ್ಬದ ಚಿಟ್ಟೆಗಳು

ಮೊಟ್ಟೆಯಿಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆಯಬೇಕು. ರಾಮನಗರದ ಬಿತ್ತನೆ ಕೋಠಿಯಲ್ಲಿ ನಾನು ಮೊದಲು ಕಲಿತದ್ದು ಇದನ್ನೇ. ರೇಷ್ಮೆ ಹುಳ ಸಾಕುವ ರೈತರಿಗೆ ಮೊಟ್ಟೆ ತಯಾರಿಸಿ ಕೊಡುವ ಜಾಗಕ್ಕೆ ನಮ್ಮ ಕಡೆ ಬಿತ್ತನೆ ಕೋಠಿ ಎನ್ನುತ್ತಾರೆ. ಹೆಣ್ಣು ಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟು ಮುಗಿಸಿದೊಡನೆ ಅದರ ರೆಕ್ಕೆ ಕಿತ್ತು ಬದಿಗಿಡಬೇಕು; ರೆಕ್ಕೆಯ ಹುಡಿ ಗಾಜಿನ ಮೇಲೆ ಬಿದ್ದರೆ ನೋಟ ಮಂಕಾಗುತ್ತದೆ. ಆಮೇಲೆ ಹೊಟ್ಟೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಏನೂ ಕಾಣದಿದ್ದರೆ ಮೊಟ್ಟೆ ಪಾಸು. ಹೊಳೆಯುವ ಅಕ್ಕಿನುಚ್ಚಿನಂಥ ಕಾಳು ಕಂಡರೆ ಅದು ಗಂಟು ರೋಗ. ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ. ರೋಗ ತಾಯಿಯಿಂದ ಮೊಟ್ಟೆಯೊಳಕ್ಕೇ ಇಳಿದು ಬರುವುದರಿಂದ, ಒಂದು ತಾಯಿಯನ್ನು ನೋಡದೆ ಬಿಟ್ಟರೆ ಒಂದು ಊರಿನ ಹುಳವೇ ನೆಲಕಚ್ಚುತ್ತದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಕೋಠಿಯಲ್ಲಿ ದುಡಿದ ಹದಿನಾರು ವರ್ಷದಲ್ಲಿ ನಾನು ಪಾಸು ಮಾಡಿದ ಮೊಟ್ಟೆ ರೈತರ ಮನೆಯಲ್ಲಿ ಕೆಟ್ಟಿತು ಎಂದು ಒಬ್ಬನೂ ಬಂದು ಬಾಗಿಲು ತಟ್ಟಲಿಲ್ಲ. ಮೈಸೂರು ತಳಿಯ ಗೂಡುಗಳನ್ನು ಒಂದೇ ಬುಟ್ಟಿಗೆ ಸುರಿದು ಕೊಟ್ಟರೆ ಯಾವುದು ಮಾಗಡಿ ಕಡೆಯದು, ಯಾವುದು ಕುಣಿಗಲ್ ಕಡೆಯದು ಎಂದು ಕೈಯಲ್ಲಿ ಮುಟ್ಟಿ, ಬಣ್ಣ ನೋಡಿ ಬೇರೆ ಮಾಡುತ್ತಿದ್ದೆ. ನಮ್ಮ ಯಜಮಾನರು ಬೇಕೆಂದೇ ಬೆರೆಸಿಟ್ಟು ಪರೀಕ್ಷೆ ಮಾಡುತ್ತಿದ್ದರು. ಜಂಬವೆಂದು ತಿಳಿಯಬಾರದು, ಇದ್ದದ್ದನ್ನು ಹೇಳುತ್ತಿದ್ದೇನೆ.

ಅಕ್ಕ ಅರ್ಜಿ ಹಾಕಿ ಕರೆಸಿಕೊಂಡ ಮೇಲೆ ನ್ಯೂಜೆರ್ಸಿಗೆ ಬಂದು ಕೆಂಡಲ್ ಪಾರ್ಕಿನಲ್ಲಿ ನೆಲೆನಿಂತೆ. ಕಾರ್ ಸರ್ವೀಸಿನಲ್ಲಿ ಡ್ರೈವರ್ ಕೆಲಸ. ಪ್ರಿನ್ಸ್‌ಟನ್ನಿನ ಔಷಧಿ ಕಂಪನಿಗಳ ದೊಡ್ಡವರನ್ನು ನ್ಯೂವಾರ್ಕ್ ಏರ್‌ಪೋರ್ಟಿಗೆ ಬಿಡುವುದು, ಕರೆತರುವುದು. ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಫ್ಲೈಟ್ ತಪ್ಪಲಿಲ್ಲ. ಕೂಟಗಳಲ್ಲಿ ಯಾರಾದರೂ ಎಲ್ಲಿ ವರ್ಕ್ ಮಾಡುತ್ತೀರಿ ಎಂದು ಕೇಳಿದರೆ ಸ್ಟಿಯರಿಂಗ್ ಹಿಂದೆ ಎನ್ನುತ್ತಿದ್ದೆ. ಅವರೇ ಸ್ವಲ್ಪ ತಡವರಿಸುತ್ತಿದ್ದರು, ನಾನಲ್ಲ.

ಬ್ಯಾಂಕುಗಳು ಮುಳುಗಿದ ಆ ಚಳಿಗಾಲದಲ್ಲಿ ರೂಟ್ ಒನ್ ಹೆದ್ದಾರಿಯ ಉದ್ದಕ್ಕೂ ಆಫೀಸುಗಳ ಪಾರ್ಕಿಂಗ್ ಲಾಟುಗಳು ಖಾಲಿಯಾದವು. ದೊಡ್ಡವರು ವಿಮಾನ ಹತ್ತುವುದನ್ನು ಬಿಟ್ಟರು, ಕೆಲವರು ಕೆಲಸವನ್ನೇ ಕಳೆದುಕೊಂಡರು. ಕಾರ್ ಸರ್ವೀಸು ನಮ್ಮಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿತು. ನಾನೂ ಆ ಅರ್ಧದಲ್ಲಿದ್ದೆ. ನನ್ನ ಹೆಂಡತಿ ಡೇ ಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ಮನೆ ಅವಳ ಮೇಲೆ ನಿಂತಿತು.

ಆಗ ಫೋನ್ ಮಾಡಿದವರು ನನ್ನ ಕಾರಿನಲ್ಲಿ ಓಡಾಡುತ್ತಿದ್ದ ಹಳೆಯ ಸವಾರಿಯೊಬ್ಬರು. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು, ಔಷಧಿ ಸಂಶೋಧನೆಯಿಂದ ನಿವೃತ್ತರಾದವರು. ನಮ್ಮ ಮನೆಯಲ್ಲಿ ಅವರಿಗೆ ಡಾಕ್ಟರಮ್ಮ ಎನ್ನುತ್ತಿದ್ದೆವು. ಅವರ ಕಣ್ಣು ಮಂಜಾಗುತ್ತಿತ್ತು, ಸೊಂಟ ಸರಿಯಿರಲಿಲ್ಲ, ಡ್ರೈವ್ ಮಾಡಬಾರದೆಂದು ಕಣ್ಣಿನ ವೈದ್ಯರು ಹೇಳಿಬಿಟ್ಟಿದ್ದರು. ವಸಂತ ಬಂದ ಮೇಲೆ ವಾರಕ್ಕೆರಡು ದಿನ ಸಮುದ್ರದ ಕಡೆ ಕರೆದೊಯ್ಯಬೇಕು, ಮರಳಿನಲ್ಲಿ ನಡೆಯುವಾಗ ಕೈ ಹಿಡಿಯಬೇಕು, ಬಲೆಯನ್ನೂ ಹಿಡಿಯಬೇಕು ಎಂದರು. ಏನು ಹಿಡಿಯುವುದಕ್ಕೆ ಎಂದು ಕೇಳಿದೆ. ಪತಂಗ ಎಂದರು. ನಾನು ಗಾಡಿಯ ಮಾತನ್ನೇ ಬಿಟ್ಟು, ಹೆಣ್ಣೋ ಗಂಡೋ ಎಂದು ಕೇಳಿದೆ.

ಆ ಪತಂಗ, ನಮ್ಮ ಕೋಠಿಯ ಮಾತಿನಲ್ಲಿ ಚಿಟ್ಟೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಿಸಿಲಿನಲ್ಲೇ ಹಾರುತ್ತದೆ. ಮೇಲಿನ ರೆಕ್ಕೆ ಮರಳಿನ ಬಣ್ಣ, ಅದರ ಮೇಲೆ ಯಾರೋ ಪೆನ್ಸಿಲಿನಿಂದ ಗೀಚಿ ಅಳಿಸಿದಂಥ ಗೆರೆಗಳು. ಮರಳಿನ ಮೇಲೆ ಕೂತರೆ ಕಣ್ಣಿಗೆ ಸಿಗುವುದಿಲ್ಲ. ಎದ್ದಾಗ ಮಾತ್ರ ಕೆಳಗಿನ ರೆಕ್ಕೆಯ ಕಿತ್ತಳೆ ಬಣ್ಣ ಒಮ್ಮೆ ಮಿಂಚಿ ಮಾಯ. ಅಲೆಗಳಿಂದ ಹಿಂದೆ, ಗಾಳಿ ಒಟ್ಟಿದ ದಿಬ್ಬಗಳ ಮೇಲೆ ಮೊಣಕಾಲಿಗೂ ಬಾರದ ಒಂದು ಗಿಡ ಚಾಪೆಯಂತೆ ಹಬ್ಬಿರುತ್ತದೆ, ಹಳದಿ ಹೂವಿನದು. ಬೀಚ್ ಹೆದರ್ ಎನ್ನುತ್ತಾರೆ. ನಮ್ಮ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಹೇಗೋ ಇದರ ಹುಳಕ್ಕೆ ಆ ಗಿಡ ಹಾಗೆ. ಅದನ್ನು ಬಿಟ್ಟು ಬೇರೆ ಸೊಪ್ಪು ಮುಟ್ಟುವುದಿಲ್ಲ.

ಮೂವತ್ತು ವರ್ಷದಿಂದ ಪತಂಗಗಳ ಹವ್ಯಾಸ ಹಿಡಿದಿದ್ದ ಡಾಕ್ಟರಮ್ಮನನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ. ಜೆರ್ಸಿಯ ಉತ್ತರ ತುದಿಯ ದಿಬ್ಬದಲ್ಲಿ ಮರಳು ಕಂದು, ಅಲ್ಲಿಯ ಚಿಟ್ಟೆ ಹೊಗೆ ಹಿಡಿದಂತೆ ಮಾಸಲು. ದಕ್ಷಿಣದಲ್ಲಿ, ಪಾರ್ಕ್‌ವೇ ಹೆದ್ದಾರಿ ಹಿಡಿದು ಎರಡು ಗಂಟೆ ಇಳಿದರೆ, ಮರಳು ಸಕ್ಕರೆಯಂತೆ ಬೆಳ್ಳಗೆ, ಚಿಟ್ಟೆಯೂ ಬೆಳ್ಳಗೆ. ಜಾತಿ ಒಂದೇ. ಈ ಬಣ್ಣ ನೆಲದಿಂದ, ತಿಂದ ಸೊಪ್ಪಿನಿಂದ ಬಂದದ್ದೋ ಅಥವಾ ತಳಿಯಲ್ಲೇ ಇಳಿದು ಬಂದದ್ದೋ? ಎರಡೂ ಕಡೆಯ ಮೊಟ್ಟೆ ತಂದು, ಒಂದೇ ಸೂರಿನಡಿ, ಒಂದೇ ಸೊಪ್ಪು, ಒಂದೇ ಮರಳು ಕೊಟ್ಟು ಸಾಕಿದರೆ ಗೊತ್ತಾಗುತ್ತದೆ. ಅವರು ಮೂರು ಬೇಸಿಗೆ ಸಾಕಲು ನೋಡಿದ್ದರು. ಮೂರು ಸಲವೂ ಹುಳಗಳೆಲ್ಲ ಸತ್ತಿದ್ದವು.

ನಾಲ್ಕನೆಯದು ಕೊನೆಯದು. ಷೇರಿನಲ್ಲಿಟ್ಟಿದ್ದ ಅವರ ನಿವೃತ್ತಿಯ ಉಳಿತಾಯ ಕರಗಿಹೋಗಿ ಪ್ರಿನ್ಸ್‌ಟನ್ನಿನ ಮನೆಯನ್ನು ಮಾರಾಟಕ್ಕಿಟ್ಟಿದ್ದರು. ಆಗಸ್ಟ್ ಮುಗಿಯುವುದರೊಳಗೆ ಅರಿಜೋನಾದ ಮಗನ ಮನೆಗೆ ಹೋಗಬೇಕು. ಅಷ್ಟರಲ್ಲಿ ಕಣ್ಣು ಇನ್ನೆಷ್ಟು ಉಳಿದಿರುತ್ತದೋ. "ಹೋಗುವ ಮೊದಲು ನನಗಿದು ಗೊತ್ತಾಗಬೇಕು" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರು ಹೇಳಿದ್ದು ಇಷ್ಟೇ ಚಿಕ್ಕದಾಗಿ.

ನಾನು ಸಾಕಿಕೊಡುತ್ತೇನೆ ಎಂದೆ. ಒಂದೇ ಮಾತಿನಲ್ಲಿ.

ಮನೆ ನೋಡಲು ಬರುವವರ ಮುಂದೆ ಹುಳದ ಡಬ್ಬಿಗಳು ಇರಬಾರದೆಂದು ಮನೆ ಮಾರುವ ಏಜೆಂಟ್ ಹೇಳಿದ್ದಳು. ಹಾಗಾಗಿ ಎಲ್ಲವೂ ನಮ್ಮ ಗರಾಜಿಗೆ ಬಂತು. ಹಳೆಯ ಮೈಕ್ರೋಸ್ಕೋಪ್ ಕೂಡ. ನಾನು ಕಾರು ಹೊರಗೆ ನಿಲ್ಲಿಸಿ, ಗೋಡೆ, ನೆಲ ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ಉಜ್ಜಿದೆ. ಬಾಗಿಲಲ್ಲಿ ಒಂದು ಅಗಲದ ತಟ್ಟೆಯಲ್ಲಿ ಬ್ಲೀಚ್ ನೀರು ಇಟ್ಟೆ, ಕೋಠಿಯಲ್ಲಿದ್ದಂತೆ. ಚಪ್ಪಲಿ ಬಿಟ್ಟು, ಪಾದ ಅದ್ದಿಯೇ ಒಳಗೆ ಬರಬೇಕು. ಒಗ್ಗರಣೆಯ ಘಾಟು ಈ ಕಡೆ ಬರಬಾರದೆಂದು ಅಡುಗೆಮನೆಯ ಬಾಗಿಲಿನ ಸಂದಿಗೆ ಟವೆಲ್ ತುರುಕಿದೆ.

"ಹುಳ ಸಾಕೋಕೆ ಅಮೆರಿಕಾಕ್ಕೆ ಬರ್ಬೇಕಿತ್ತೇನ್ರೀ? ಅದನ್ನ ರಾಮನಗರದಲ್ಲೇ ಮಾಡ್ತಿದ್ರಲ್ಲ" ಎಂದಳು ನನ್ನ ಹೆಂಡತಿ. ಹೈಸ್ಕೂಲಿನಲ್ಲಿದ್ದ ಮಗಳು ಪಾದ ಅದ್ದಲು ಒಪ್ಪದೆ ಬಾಗಿಲಲ್ಲೇ ನಿಂತು, "ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದು ಒಳಗೆ ಹೋದಳು.

ಮೇ ಕೊನೆಯಲ್ಲಿ ದಿಬ್ಬ ಹತ್ತಿದೆವು. ಪಾರ್ಕಿನವರು ಕೊಟ್ಟ ಪರ್ಮಿಟ್ಟಿನಲ್ಲಿ ಒಂದೊಂದು ದಿಬ್ಬಕ್ಕೆ ಎರಡರಂತೆ ನಾಲ್ಕು ಹೆಣ್ಣು ಚಿಟ್ಟೆಗಳಿಗೆ ಮಾತ್ರ ಅನುಮತಿ, ಆ ವರ್ಷಕ್ಕೆ ಮಾತ್ರ. ಡಾಕ್ಟರಮ್ಮ ನನ್ನ ತೋಳು ಹಿಡಿದು ಹೆಜ್ಜೆ ಹಾಕುತ್ತ, ಯಾವ ಕಡೆಯಿಂದ ಗಾಳಿ ಬೀಸಿದರೆ ಚಿಟ್ಟೆ ಯಾವ ಕಡೆ ಕೂರುತ್ತದೆಂದು ಹೇಳುತ್ತಿದ್ದರು. ಅವರಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಹೊಟ್ಟೆ ತುಂಬಿದ ಹೆಣ್ಣನ್ನು ದೂರದಿಂದಲೇ ಗುರುತಿಸಿದೆ. ಅದು ಹಾರುವುದೇ ಭಾರವಾಗಿ. ನಾಲ್ಕಕ್ಕೆ ನಾಲ್ಕೂ ಮೊದಲ ಬೀಸಿಗೇ ಬಲೆಗೆ ಬಿದ್ದವು.

ಗರಾಜಿನಲ್ಲಿ ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಕಾಗದ, ಒಂದು ಎಸಳು ಗಿಡ. ಮೊಟ್ಟೆ ಒಡೆದ ಮೇಲೆ ಏನು, ತಂಪು ಎಷ್ಟಿರಬೇಕು, ಬೆಳಕು ಎಷ್ಟು, ಎಲ್ಲವನ್ನೂ ಡಾಕ್ಟರಮ್ಮ ಎರಡೆರಡು ಸಲ ಹೇಳಿಹೋದರು. ತಾಯಿ ಚಿಟ್ಟೆಯನ್ನು ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಅದು ಹೇಳಬೇಕಾದ ವಿಷಯವೆಂದೇ ಅವರಿಗೆ ಅನ್ನಿಸಿರಲಿಲ್ಲ. ಕೇಳಬೇಕಾದ ವಿಷಯವೆಂದು ನನಗೂ ಅನ್ನಿಸಲಿಲ್ಲ.

ಮೂರನೆಯ ದಿನ ನಾಲ್ಕೂ ಮೊಟ್ಟೆಯಿಟ್ಟು ಮುಗಿಸಿದವು. ನಾನು ಅಡುಗೆಮನೆಯಿಂದ ಏಲಕ್ಕಿ ಕುಟ್ಟುವ ಕುಟ್ಟಾಣಿ ತಂದೆ. ಅರೆಯುವಾಗ ಬೆರೆಸಲು ವಾಷಿಂಗ್ ಸೋಡಾದ ನೀರು ಮಾಡಿಕೊಂಡೆ. ಒಂದೊಂದನ್ನು ಅರೆದ ಮೇಲೂ ಕುಟ್ಟಾಣಿಯನ್ನು ಕುದಿಯುವ ನೀರಿನಲ್ಲಿ ತೊಳೆದೆ. ಹದಿಮೂರು ವರ್ಷದಿಂದ ಮೈಕ್ರೋಸ್ಕೋಪು ಮುಟ್ಟಿರಲಿಲ್ಲ, ಆದರೂ ಕೈ ತಾನಾಗಿಯೇ ಫೋಕಸಿಗೆ ಹೋಯಿತು. ದಕ್ಷಿಣದ ಎರಡೂ ಪಾಸು. ಉತ್ತರದ ಒಂದು ಪಾಸು. ನಾಲ್ಕನೆಯದನ್ನು ನೋಡಿದೆ, ಕಣ್ಣು ತೆಗೆದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಗಾಜಿನ ತುಂಬ ಕಾಳು. ಮೊಟ್ಟೆಯಿದ್ದ ಕಾಗದವನ್ನು ಮಡಿಸಿ, ಹಿತ್ತಲಿಗೆ ಒಯ್ದು, ಬಾರ್ಬೆಕ್ಯೂ ಗ್ರಿಲ್ಲಿನಲ್ಲಿಟ್ಟು ಸುಟ್ಟೆ.

ಗುರುವಾರ ಬೆಳಿಗ್ಗೆ ಡಾಕ್ಟರಮ್ಮನನ್ನು ಕರೆತಂದೆ. ದಾರಿಯಲ್ಲಿ ಏನೂ ಹೇಳಲಿಲ್ಲ. ಕೆಲಸ ತೋರಿಸಿಯೇ ಹೇಳೋಣವೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅವರು ಶೂ ಬಿಚ್ಚಿ, ಪಾದ ಅದ್ದಿ, ಗೋಡೆ ಹಿಡಿದುಕೊಂಡು ಒಳಗೆ ಬಂದು ಮೊದಲು ಕೇಳಿದ್ದು ತಾಯಿ ಚಿಟ್ಟೆಗಳನ್ನು. ಫ್ರೀಜರಿನಲ್ಲಿ ಇಟ್ಟಿದ್ದೀರಾ ಎಂದು. ನಾನು ನಾಲ್ಕು ಗಾಜಿನ ಚೂರುಗಳನ್ನು ತೋರಿಸಿದೆ.

ಅವರ ಪತಂಗದ ಕೆಲಸದಲ್ಲಿ ತಾಯಿಯೇ ದಾಖಲೆ. ಈ ಮಕ್ಕಳು ಈ ತಾಯಿಯವು ಎಂದು ಹೇಳಬೇಕಾದರೆ ತಾಯಿ ರೆಕ್ಕೆ ಬಿಚ್ಚಿಕೊಂಡು, ಸೂಜಿಗೆ ಚುಚ್ಚಿಸಿಕೊಂಡು, ಪೆಟ್ಟಿಗೆಯಲ್ಲಿ ಮಕ್ಕಳ ಪಕ್ಕ ಇರಬೇಕು. ಅದಿಲ್ಲದೆ ಯಾರೂ ಒಪ್ಪುವುದಿಲ್ಲ. ಆ ವರ್ಷ ಇನ್ನೊಂದನ್ನು ಹಿಡಿಯುವಂತೆಯೂ ಇಲ್ಲ. ಅವರು ತಲೆಕೆಳಗು ಮಾಡಿಟ್ಟಿದ್ದ ಪೇಂಟ್ ಬಕೆಟ್ಟಿನ ಮೇಲೆ ಕುಳಿತರು.

"ಮೂವತ್ತು ವರ್ಷದಲ್ಲಿ ನನ್ನ ಒಂದು ಪತಂಗವನ್ನೂ ಯಾರೂ ಅರೆದಿರಲಿಲ್ಲ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ನಿಂತೇ ಇದ್ದೆ. ನನ್ನ ಕೆಲಸಕ್ಕೆ ಯಾರಾದರೂ ಹೀಗೆ ತಲೆ ತಗ್ಗಿಸಿ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಷಮಿಸಿ ಎಂದೆ. ಆದರೆ ಹೇಳಬೇಕಾದ್ದು ಇನ್ನೂ ಇತ್ತಲ್ಲ, ಮುಚ್ಚಿಡುವ ಅಭ್ಯಾಸ ನನಗಿಲ್ಲ. ಉತ್ತರದ ಒಂದು ತಾಯಿಗೆ ರೋಗವಿತ್ತು, ಅದರ ಮೊಟ್ಟೆ ಸುಟ್ಟುಬಿಟ್ಟಿದ್ದೇನೆ ಎಂದೆ.

ಅವರು ತಲೆಯೆತ್ತಿದರು. "ಯಾವ ರೋಗ?"

ನಮ್ಮ ಗಂಟು ರೋಗಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಆ ಕ್ಷಣದಲ್ಲಿ ಬಾಯಿಗೆ ಬರಲಿಲ್ಲ. ಮೈಕ್ರೋಸ್ಕೋಪಿಗೆ ನಾಲ್ಕನೆಯ ಗಾಜನ್ನು ಏರಿಸಿ, ಬೆಳಕು ಹೆಚ್ಚಿಸಿ, ನೀವೇ ನೋಡಿ ಎಂದೆ. ಅವರು ಕಣ್ಣನ್ನು ಕೊಳವೆಗೆ ಒತ್ತಿ, ಸರಿಸಿ, ಕಣ್ಣಿನ ಸರಿಯಾಗಿರುವ ಕಡೆಯನ್ನು ಹುಡುಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೊದಲನೆಯ ಗಾಜು ಹಾಕಿ ಎಂದರು. ಮತ್ತೆ ನಾಲ್ಕನೆಯದು.

"ಮೂರು ಬೇಸಿಗೆ ಎಲ್ಲ ತಾಯಿಗಳ ಮೊಟ್ಟೆಯನ್ನೂ ಒಂದೇ ಪೆಟ್ಟಿಗೆಯಲ್ಲಿ, ನಡುವೆ ಪರದೆ ಮಾತ್ರ ಇಟ್ಟು ಸಾಕಿದೆ. ಸೊಪ್ಪು ಸರಿಯಿಲ್ಲ ಅಂದುಕೊಂಡೆ, ಮರಳು ಸರಿಯಿಲ್ಲ ಅಂದುಕೊಂಡೆ. ಹೊರನೋಟಕ್ಕೆ ಚೆನ್ನಾಗಿದ್ದ ತಾಯಿಯನ್ನು ನೋಡಿ ರೋಗವಿಲ್ಲವೆಂದು ಸಮಾಧಾನಪಟ್ಟುಕೊಂಡೆ" ಎಂದರು ಡಾಕ್ಟರಮ್ಮ.

ಹಾಗೆಂದು ನನ್ನನ್ನು ಕ್ಷಮಿಸಿಬಿಟ್ಟರೆಂದಲ್ಲ. ರೆಕ್ಕೆ ಎಲ್ಲಿ ಎಂದು ಕೇಳಿದರು. ಗುಡಿಸಿದ್ದೆ. ಕಸದ ಮೊರವನ್ನು ಬಿಳಿ ಕಾಗದದ ಮೇಲೆ ಸುರಿದು, ಹೆಂಡತಿಯ ಹುಬ್ಬು ಕೀಳುವ ಚಿಮಟ ತಂದು, ನಾನೂ ಅವರೂ ಅರ್ಧ ದಿನ ಹುಡುಕಿದೆವು. ಹದಿನಾರರಲ್ಲಿ ಹನ್ನೊಂದು ರೆಕ್ಕೆ ಸಿಕ್ಕವು. ಬಿಳಿಚು ದಕ್ಷಿಣದ್ದು, ಮಾಸಲು ಉತ್ತರದ್ದು ಎಂದು ನಾನು ವಿಂಗಡಿಸಿ ಕೊಟ್ಟೆ, ಅವರು ಲಕೋಟೆಗಳಲ್ಲಿ ಹಾಕಿ ಬರೆದುಕೊಂಡರು. ಇದು ಸಾಕಾಗುತ್ತದೆಯೇ ಎಂದು ಕೇಳಿದೆ. ಸಾಕಾಗುವುದಿಲ್ಲ, ಆದರೆ ಏನೂ ಇಲ್ಲ ಎನ್ನುವಂತೆಯೂ ಇಲ್ಲ ಎಂದರು.

ಸಂಜೆ ಹೆಂಡತಿಗೆ ಕುಟ್ಟಾಣಿಯ ವಿಷಯ ತಿಳಿಯಿತು. "ಅದ್ರಲ್ಲಿ ನಾಳೆ ಪಾಯಸಕ್ಕೆ ಏಲಕ್ಕಿ ಕುಟ್ಟಿ, ನಿಮಗೊಬ್ಬರಿಗೇ ಬಡಿಸ್ತೀನಿ" ಎಂದಳು. ಆ ಕುಟ್ಟಾಣಿ ಗರಾಜಿನಲ್ಲೇ ಉಳಿಯಿತು. ಈಗಲೂ ಅಲ್ಲೇ ಇದೆ.

ಮೊಟ್ಟೆ ಒಡೆದ ದಿನದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಅಕ್ಕಿನುಚ್ಚಿಗಿಂತ ಸಣ್ಣ ಹುಳಗಳು. ಚಾಕಿ ಹುಳಕ್ಕೆ, ಅಂದರೆ ಆಗಷ್ಟೇ ಒಡೆದು ಬಂದ ಎಳೆಯ ರೇಷ್ಮೆ ಹುಳಕ್ಕೆ, ಮಾಡುವಂತೆ ಮೇಣದ ಕಾಗದ ಹೊದಿಸಿದೆ, ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟೆ. ಡಾಕ್ಟರಮ್ಮ ಗಿಡದ ಕಡ್ಡಿಯನ್ನು ನೀರಿನ ಸೀಸೆಯಲ್ಲಿ ನಿಲ್ಲಿಸಿ ತಿನ್ನಿಸುತ್ತಿದ್ದರಂತೆ. ನಾನು ಒಪ್ಪಲಿಲ್ಲ. ನೀರು ಕುಡಿದ ಸೊಪ್ಪು ತಿಂದರೆ ಹುಳ ಕೆಡುತ್ತದೆ. ದಿನಕ್ಕೆ ನಾಲ್ಕು ಸಲ ತಾಜಾ ತುದಿ ಕತ್ತರಿಸಿ ಕೊಟ್ಟೆ. ಮೂರು ದಿನಕ್ಕೊಮ್ಮೆ ಗಿಡದ ತುದಿ ತರಲು ಸಮುದ್ರಕ್ಕೆ ಹೋಗಿಬರುತ್ತಿದ್ದೆ, ಬೆಳಕು ಹರಿಯುತ್ತಿದ್ದಂತೆ ಹೊರಟು, ಬಿಸಿಲೇರುವುದರೊಳಗೆ ವಾಪಸು. ಎರಡು ಕಡೆಯ ಹುಳಕ್ಕೂ ಒಂದೇ ದಿಬ್ಬದ ಸೊಪ್ಪು. ಒಂದು ತಾಯಿಯ ಮಕ್ಕಳನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಲಿಲ್ಲ.

ಹುಳ ನಾಲ್ಕು ಜ್ವರ ದಾಟಿದವು. ಹುಳ ಚರ್ಮ ಕಳಚಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಈ ಮಾತು ಕೇಳಿ ಡಾಕ್ಟರಮ್ಮ ಮೊದಲ ಬಾರಿಗೆ ನಕ್ಕರು. ಆಮೇಲೆ ಫೋನಿನಲ್ಲಿ ದಿನವೂ, ಇವತ್ತು ಎಷ್ಟು ಜನಕ್ಕೆ ಜ್ವರ ಎಂದು ಕೇಳುತ್ತಿದ್ದರು. ಸತ್ತವು ಇಲ್ಲವೆಂದಲ್ಲ, ಒಂದು ಹಿಡಿಯಷ್ಟು ಸತ್ತವು. ಅವನ್ನೂ ಅರೆದು ನೋಡಿದೆ, ಈ ಸಲ ಕೇಳಿಯೇ. ಕಾಳು ಇರಲಿಲ್ಲ. ಜುಲೈ ಕೊನೆಗೆ ಉಳಿದವೆಲ್ಲ ಕೋಶವಾಗಲು ಮರಳಿಗಿಳಿದವು. ಅದು ದಿಬ್ಬದ ಮರಳಲ್ಲ, ಅಂಗಡಿಯಲ್ಲಿ ಮೂಟೆಯಲ್ಲಿ ಸಿಗುವ ಮಕ್ಕಳ ಆಟದ ಮರಳು. ಎರಡಕ್ಕೂ ಅದೇ.

ಆಗಸ್ಟ್ ನಡುವಿನಲ್ಲಿ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟಿದ್ದ ಹೆಂಡತಿ ಗರಾಜಿನ ಬಾಗಿಲು ತೆರೆದವಳು ಅಲ್ಲೇ ನಿಂತಳು. ಪಾದ ಅದ್ದಿ ಒಳಗೆ ಬಂದಳು. ಪರದೆಯ ಮೇಲೆ ಆರೋ ಏಳೋ ಚಿಟ್ಟೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು.

"ನಮ್ಮ ಹುಳದ ಚಿಟ್ಟೆ ಹಾರಲ್ಲ. ಇವು ಹಾರ್ತವಲ್ರೀ" ಎಂದಳು. ಮಗಳನ್ನು ಕರೆದಳು. ಮಗಳು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಅದಕ್ಕೆ ಪಾದ ಅದ್ದಿಯೇ ಬಂದಿದ್ದಳು.

ಡಾಕ್ಟರಮ್ಮನ ಮನೆ ಮಾರಾಟವಾಗಿತ್ತು. ಹೊರಡಲು ಒಂದು ವಾರವಿದ್ದಾಗ ಅವರು ನಮ್ಮ ಗರಾಜಿಗೆ ಬಂದು, ಚಿಟ್ಟೆಗಳನ್ನು ಸೂಜಿಗೆ ಚುಚ್ಚಿ ರೆಕ್ಕೆ ಹರಡುವುದನ್ನು ಹೇಳಿಕೊಟ್ಟರು. ಅವರು ಹೇಳಿದರು, ನಾನು ಮಾಡಿದೆ. ಎಲ್ಲ ಒಣಗಿದ ಮೇಲೆ ಮೂವತ್ತೆರಡು ಚಿಟ್ಟೆಗಳನ್ನು ಆರಿಸಿದರು. ಪ್ರತಿ ಸೂಜಿಯ ಕೆಳಗೆ ಒಂದು ಸಂಖ್ಯೆಯ ಚೀಟಿಯನ್ನು ಮುಖ ಕೆಳಗಾಗಿ ಚುಚ್ಚಿಸಿ, ನನ್ನ ಮಗಳಿಂದ ಎಲ್ಲವನ್ನೂ ಬೆರೆಸಿ ಇಡಿಸಿದರು. ನನ್ನನ್ನು ಹೊರಗೆ ನಿಲ್ಲಿಸಿದ್ದರು. ಒಳಗೆ ಕರೆದು ಹೇಳಿದರು:

"ನನಗೆ ಬಣ್ಣ ಕಾಣುವುದಿಲ್ಲ. ನೀವು ಬೇರೆ ಮಾಡಿ."

ಅವರ ನಾಲ್ಕು ಬೇಸಿಗೆ ಆ ಮೇಜಿನ ಮೇಲಿತ್ತು. ಬಣ್ಣ ಮರಳಿನದಾಗಿದ್ದರೆ ಒಂದೇ ಮರಳಿನಲ್ಲಿ ಬೆಳೆದ ಇವೆಲ್ಲ ಒಂದೇ ಥರ ಇರಬೇಕು, ನನ್ನ ಕೈಗೆ ಸಿಗಬಾರದು. ನಾನು ಗರಾಜಿನ ದೊಡ್ಡ ಬಾಗಿಲನ್ನು ಪೂರ್ತಿ ಮೇಲೆತ್ತಿದೆ. ಉತ್ತರಕ್ಕೆ ಮುಖ ಮಾಡಿದ ಬಾಗಿಲು, ಬಿಸಿಲಿಲ್ಲದ ಬೆಳಕು. ಗೂಡು ವಿಂಗಡಿಸಲು ಅದೇ ಸರಿ. ಮೊದಲ ಚಿಟ್ಟೆಯನ್ನು ಸೂಜಿ ಹಿಡಿದು ಎತ್ತಿದೆ. ಮಾಗಡಿ, ಕುಣಿಗಲ್ ಎನ್ನುತ್ತಿದ್ದ ಬಾಯಿ ಒಳಗೇ ದಕ್ಷಿಣ ಎಂದಿತು. ಎಡಕ್ಕಿಟ್ಟೆ. ಎರಡನೆಯದೂ ಎಡಕ್ಕೆ. ಮೂರನೆಯದು ಉತ್ತರ, ಬಲಕ್ಕೆ. ಆಮೇಲೆ ನಿಲ್ಲಲಿಲ್ಲ, ಗೂಡು ಆರಿಸುವ ಲಯ ಕೈಗೆ ಬಂತು. ಒಂದರ ಹತ್ತಿರ ಮಾತ್ರ ನಿಂತೆ. ಮೂರು ಸಲ ಎತ್ತಿ ನೋಡಿ, ಇದು ಹೇಳಲಾರೆ ಎಂದು ನಡುವೆ ಇಟ್ಟೆ.

ಮಗಳು ಒಂದೊಂದೇ ಚೀಟಿ ತಿರುಗಿಸಿ ಸಂಖ್ಯೆ ಓದಿದಳು. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು, ಯಾವ ಸಂಖ್ಯೆ ಯಾವ ದಿಬ್ಬದ್ದೆಂದು ಬಾಯಿಪಾಠ ಹೇಳಿದರು. ಎಡದ್ದೆಲ್ಲ ದಕ್ಷಿಣ. ಬಲದ್ದೆಲ್ಲ ಉತ್ತರ. ನಡುವಿನದು ಉತ್ತರದ್ದು.

"ಒನ್ ಮಿಸ್" ಎಂದಳು ಮಗಳು.

"ಮಿಸ್ ಅಲ್ಲ. ಗೊತ್ತಿಲ್ಲ ಅಂದರು. ಅದನ್ನು ಹೇಳುವವರು ಕಡಿಮೆ" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, ಮರಳಿನದ್ದಲ್ಲ, ಅಲ್ಲವೇ ಎಂದು ಕೇಳಿದರು. ಮರಳಿನದ್ದಲ್ಲ, ತಳಿಯದ್ದು ಎಂದೆ.

ಪ್ರತಿ ಸೂಜಿಗೂ ಒಂದು ಚಿಕ್ಕ ಚೀಟಿ ಬರೆಯಬೇಕಿತ್ತು: ಯಾವ ದಿಬ್ಬ, ತಾಯಿಯನ್ನು ಹಿಡಿದವರು ಯಾರು, ಸಾಕಿದವರು ಯಾರು, ಎಲ್ಲಿ. ಮಗಳ ಅಕ್ಷರ ಸಣ್ಣದೆಂದು ಅವಳಿಂದಲೇ ಬರೆಸಿದರು. ಹಿಡಿದವರು ಎಂಬಲ್ಲಿ ಇಬ್ಬರ ಹೆಸರು, ಸಾಕಿದವರು ಎಂಬಲ್ಲಿ ನನ್ನದೊಂದೇ. ಎಲ್ಲಿ ಎಂಬುದಕ್ಕೆ ಕೆಂಡಲ್ ಪಾರ್ಕ್, ಗರಾಜು. ಇಪ್ಪತ್ತು ಚೀಟಿ ಬರೆಯುವಷ್ಟರಲ್ಲಿ ಮಗಳ ಕೈ ನೋಯುತ್ತಿತ್ತು. ಬಿಡು, ಉಳಿದದ್ದು ನಾಳೆ ಎಂದೆ. "ಐ ವಾಂಟ್ ಟು ಫಿನಿಶ್ ಇಟ್, ಅಪ್ಪಾ" ಎಂದು ಮುಗಿಸಿಯೇ ಎದ್ದಳು. ಪುಟ್ಟ ಲಕೋಟೆಗಳ ರೆಕ್ಕೆಗಳನ್ನೂ ಅದೇ ಪೆಟ್ಟಿಗೆಯ ಮೂಲೆಯಲ್ಲಿ ಅಂಟಿಸಿದೆವು. ತಾಯಂದಿರಿಗೆ ಏನಾಯಿತೆಂದು ಡಾಕ್ಟರಮ್ಮ ತಮ್ಮ ಪುಸ್ತಕದಲ್ಲಿ ಇದ್ದಂತೆಯೇ ಬರೆದರು, ನನ್ನ ತಪ್ಪನ್ನೂ, ನಾನು ಕಂಡ ಕಾಳನ್ನೂ. ನನಗೆ ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದೆ.

ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಸೂಟ್‌ಕೇಸುಗಳು ಡಿಕ್ಕಿಯಲ್ಲಿ, ಗಾಜಿನ ಮುಚ್ಚಳದ ಪೆಟ್ಟಿಗೆ ಮಾತ್ರ ಅವರ ತೊಡೆಯ ಮೇಲೆ. ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವರು ಅಂದು ಮುಂದೆ ಕುಳಿತರು. ರೂಟ್ ಒನ್ನಿನ ಮೊದಲ ಕೆಂಪು ದೀಪದಲ್ಲಿ ಗಾಜಿನ ಮೇಲೆ ಬೆರಳಿಟ್ಟು, ಇವು ಯಾವುವು ಎಂದು ಕೇಳಿದರು. ದಕ್ಷಿಣದವು ಎಂದೆ. ಮುಂದಿನ ದೀಪದಲ್ಲಿ ಬೆರಳು ಸರಿಸಿ ಮತ್ತೆ ಕೇಳಿದರು. ಉತ್ತರದವು ಎಂದೆ. ದೀಪಗಳಿಲ್ಲದ ಟರ್ನ್‌ಪೈಕ್ ಹೆದ್ದಾರಿ ಹತ್ತುವವರೆಗೂ ಪ್ರತಿ ದೀಪದಲ್ಲೂ ಕೇಳಿದರು, ಪ್ರತಿ ದೀಪದಲ್ಲೂ ನೋಡಿಯೇ ಹೇಳಿದೆ. ಅವರ ಫ್ಲೈಟೂ ತಪ್ಪಲಿಲ್ಲ.